ಓಟದ ಸಾಲಿನಲ್ಲಿ ಯಾರಿಗೆ ಸ್ಥಾನ?

ಮಹಾಭಾರತದ ಆದಿಪರ್ವದಲ್ಲಿ ಬರುವ ಶಸ್ತ್ರವಿದ್ಯಾ ಪ್ರದರ್ಶನದ ಸನ್ನಿವೇಶ ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಿತವಾದದ್ದು. ದ್ರೋಣರ ಶಿಷ್ಯರು ತಾವು ಕಲಿತ ವಿದ್ಯೆಯನ್ನು ಹಿರಿಯರ ಮುಂದೆ, ಪುರಜನರ ಮುಂದೆ ತೋರಿಸುತ್ತಿದ್ದಾರೆ. ಅರ್ಜುನನ ಕೈಚಳಕಕ್ಕೆ ಸಭೆಯೆಲ್ಲ ಬೆರಗಾಗಿ ಕುಳಿತಿರುವಾಗ ಕರ್ಣ ರಂಗವನ್ನು ಪ್ರವೇಶಿಸುತ್ತಾನೆ; ಅರ್ಜುನ ತೋರಿಸಿದುದನ್ನೆಲ್ಲ ತಾನೂ ತೋರಿಸುತ್ತಾನೆ; ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ. ಆಗ ಕೃಪಾಚಾರ್ಯರು ಎದ್ದು ನಿಂತು ಅವನ ಕುಲವಾವುದು, ತಂದೆತಾಯಿಗಳು ಯಾರು ಎಂದು ಕೇಳುತ್ತಾರೆ. ಕರ್ಣನ ತಲೆ ತಗ್ಗುತ್ತದೆ. ಒಡನೆಯೇ ದುರ್ಯೋಧನ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಿಸಿ, ಈಗ ಇವನೂ ಅರಸ, ಇನ್ನೇನು ಅಡ್ಡಿ ಎಂದು ಕೇಳುತ್ತಾನೆ.

ಈ ಒಂದು ಸನ್ನಿವೇಶದಲ್ಲಿ ಮೂರು ಸಂಗತಿಗಳು ಎದುರುಬದುರಾಗಿ ನಿಂತಿವೆ. ಒಂದು, ವಿದ್ಯೆ, ಎರಡು, ರಂಗಕ್ಕೆ ಇಳಿಯುವವನಿಗೆ ವಿಧಿಸಿದ ನಿಯಮ, ಮೂರು, ಆ ನಿಯಮವನ್ನು ದಾಟಿಸುವ ಪೋಷಕನ ಸಂಪತ್ತು. ಪಂಪನಿಂದ ಈಚೆಗೆ ಕನ್ನಡದ ಕವಿಗಳು ಕರ್ಣನ ಬಗ್ಗೆ ತೋರಿದ ಮಮತೆಗೆ ಈ ಇಕ್ಕಟ್ಟೂ ಒಂದು ಕಾರಣವಿರಬೇಕು. ನಾನು ಇಂದು ಮಾತನಾಡಬೇಕೆಂದಿರುವ ವಿಷಯ ಇದಕ್ಕೆ ಬಹಳ ದೂರದ್ದೆಂದು ಮೇಲುನೋಟಕ್ಕೆ ತೋರಬಹುದು. ಅದು ಫಾರ್ಮುಲಾ ಒನ್ ಎಂದು ಹೆಸರಾದ ಮೋಟಾರು ಕಾರುಗಳ ಓಟ. ಆದರೆ ಆ ಓಟದಲ್ಲಿ ಯಾವ ತಂಡಕ್ಕೆ, ಯಾವ ಚಾಲಕನಿಗೆ ಸ್ಥಾನ ಸಲ್ಲಬೇಕು ಎಂಬ ಬಗ್ಗೆ ಎಪ್ಪತ್ತೈದು ವರ್ಷಗಳಿಂದ ನಡೆದಿರುವ ವಾದದಲ್ಲಿ ಈ ಮೂರು ಸಂಗತಿಗಳೇ ಮತ್ತೆ ಮತ್ತೆ ಮುಖಾಮುಖಿಯಾಗಿವೆ.

ಮೊದಲು ಓಟದ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಚಾಲಕರ ವಿಶ್ವ ಚಾಂಪಿಯನ್ ಪದವಿಗಾಗಿ ನಡೆಯುವ ಈ ಪಂದ್ಯಮಾಲೆಯ ಮೊದಲ ಓಟ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ 1950ರ ಮೇ 13ರಂದು ನಡೆಯಿತು. ಆ ವರ್ಷದ ಚಾಂಪಿಯನ್ ಇಟಲಿಯ ಜುಸೆಪ್ಪೆ ಫಾರೀನ. ಅಂದಿನ ದಿನಗಳಲ್ಲಿ ಓಟದ ಬಾಗಿಲು ಸಾಕಷ್ಟು ಅಗಲವಾಗಿತ್ತು. ಉಳ್ಳವನೊಬ್ಬ ಕಾರ್ಖಾನೆಯಿಂದ ಕಾರೊಂದನ್ನು ಕೊಂಡು ತಾನೇ ಓಡಿಸಬಹುದಾಗಿತ್ತು, ಇಲ್ಲವೆ ಒಳ್ಳೆಯ ಚಾಲಕನಿಗೆ ಕೊಟ್ಟು ಓಡಿಸಬಹುದಾಗಿತ್ತು. ರಾಬ್ ವಾಕರ್ ಎಂಬ ಇಂಗ್ಲಿಷ್ ಗೃಹಸ್ಥ ಹೀಗೆ ಖಾಸಗಿಯಾಗಿ ತಂಡ ಕಟ್ಟಿದವನು. ಅವನ ಕೂಪರ್ ಕಾರನ್ನು ಓಡಿಸಿ ಸ್ಟರ್ಲಿಂಗ್ ಮಾಸ್ 1958ರಲ್ಲಿ ಅರ್ಜೆಂಟೀನದ ಓಟವನ್ನು ಗೆದ್ದಾಗ, ದೊಡ್ಡ ಕಾರ್ಖಾನೆಗಳ ತಂಡಗಳು ಹುಬ್ಬೇರಿಸಿದುವು. ಎಂಜಿನನ್ನು ಚಾಲಕನ ಹಿಂದೆ ಇರಿಸಿದ ಕಾರೊಂದು ಈ ಪಂದ್ಯಮಾಲೆಯಲ್ಲಿ ಪಡೆದ ಮೊದಲ ಗೆಲವು ಅದು. ಹೊಸ ದಾರಿಯನ್ನು ತೋರಿಸಿದ್ದು ಚಿಕ್ಕ ತಂಡ ಎಂಬುದನ್ನು ನೆನಪಿಡಬೇಕು.

1967ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಫೋರ್ಡ್ ಕಂಪನಿಯ ಹಣದಿಂದ ಕಾಸ್‌ವರ್ತ್ ಎಂಬ ಸಂಸ್ಥೆ ಒಂದು ಎಂಜಿನನ್ನು ಸಿದ್ಧಪಡಿಸಿತು. ಹಾಲೆಂಡಿನಲ್ಲಿ ಅದು ಮೊದಲ ಬಾರಿಗೆ ಓಟಕ್ಕಿಳಿದ ದಿನವೇ ಜಿಮ್ ಕ್ಲಾರ್ಕನಿಗೆ ಗೆಲವು ತಂದಿತು. ಮರುವರ್ಷದಿಂದ ಬೇರೆ ತಂಡಗಳೂ ಅದನ್ನು ಕೊಳ್ಳುವಂತಾಯಿತು. ಎಂಜಿನನ್ನು ತಾವೇ ತಯಾರಿಸಬೇಕಾದ ಹೊರೆ ಇಳಿದುದರಿಂದ, ಜಾಣ ವಿನ್ಯಾಸಕಾರನೂ ಒಂದು ಸಾಧಾರಣ ಕೊಟ್ಟಿಗೆಯೂ ಇದ್ದರೆ ತಂಡ ಕಟ್ಟಬಹುದೆಂಬ ಧೈರ್ಯ ಹುಟ್ಟಿತು. ಮರದ ವ್ಯಾಪಾರಿಯಾಗಿದ್ದ ಕೆನ್ ಟಿರೆಲ್, ಸಾಲಸೋಲಗಳಲ್ಲಿ ಮುಳುಗೇಳುತ್ತಿದ್ದ ಫ್ರಾಂಕ್ ವಿಲಿಯಮ್ಸ್ ಇವರೆಲ್ಲ ಹಾಗೆ ಬಂದವರು. ಇಟಲಿಯ ಎಂಜೋ ಫೆರಾರಿ ಇಂಥವರನ್ನು ‘ಗ್ಯಾರೇಜಿನವರು’ ಎಂದು ಹಗುರವಾಗಿ ಕರೆಯುತ್ತಿದ್ದ. ಆ ಗ್ಯಾರೇಜಿನವರ ಪೈಕಿ ಟಿರೆಲನ ಕಾರಿನಲ್ಲಿ ಜಾಕಿ ಸ್ಟ್ಯೂವರ್ಟ್ 1971 ಮತ್ತು 1973ರಲ್ಲಿ ಚಾಂಪಿಯನ್ ಆದ. ವಿಲಿಯಮ್ಸನ ಕಾರಿನಲ್ಲಿ ಆಲನ್ ಜೋನ್ಸ್ 1980ರಲ್ಲಿ ಚಾಂಪಿಯನ್ ಆದ.

ಬಾಗಿಲು ತೆರೆದಿದ್ದರೆ ಒಳಗೆ ನೂಕುನುಗ್ಗಲಾಗುವುದು ಸಹಜ. 1989ರ ಹೊತ್ತಿಗೆ 20 ತಂಡಗಳ 39 ಕಾರುಗಳು ಹೆಸರು ಕೊಟ್ಟಿದ್ದುವು. ಓಟದ ಸಾಲಿನಲ್ಲಿ ಜಾಗವಿದ್ದುದು 26ಕ್ಕೆ ಮಾತ್ರ. ಆದ್ದರಿಂದ ಎರಡು ಜರಡಿಗಳ ಏರ್ಪಾಡಾಯಿತು. ಹೊಸಬರು ಮತ್ತು ಹಿಂದುಳಿದವರು ಸೇರಿ 13 ಕಾರುಗಳು ಶುಕ್ರವಾರ ಬೆಳಗ್ಗೆ 8ರಿಂದ 9ರವರೆಗೆ ಒಂದು ಪೂರ್ವಪರೀಕ್ಷೆಯನ್ನು ಎದುರಿಸಬೇಕು. ಅವುಗಳಲ್ಲಿ ಅತಿ ವೇಗದ ನಾಲ್ಕು ಮಾತ್ರ ಮುಂದಿನ ಹಂತಕ್ಕೆ ಹೋಗುತ್ತವೆ. ಉಳಿದವರು ಒಂಬತ್ತು ಗಂಟೆಗೆಲ್ಲ ಗಂಟುಮೂಟೆ ಕಟ್ಟಬೇಕು. ಹೀಗೆ ಉಳಿದ 30 ಕಾರುಗಳು ಅರ್ಹತಾ ಸುತ್ತುಗಳಲ್ಲಿ ಸೆಣಸಿ, ಅವುಗಳಲ್ಲೂ ನಾಲ್ಕು ಹೊರಗುಳಿಯುತ್ತಿದ್ದುವು. ಸಮುದ್ರಗಳನ್ನು ದಾಟಿ ಬಂದು, ಒಂದು ಗಂಟೆಯ ಪರೀಕ್ಷೆಯಲ್ಲಿ ಬಿದ್ದು, ಓಟದ ದಿನ ಬರುವ ಮೊದಲೇ ಮರಳುವ ತಂಡಗಳ ಪಾಡು ಎಂಥದಿರಬೇಕು!

ಈ ಜರಡಿಯ ಪರವಾಗಿ ಹೇಳಬಹುದಾದ ಮಾತು ಬಲವಾದದ್ದೇ. 1990ರಲ್ಲಿ ‘ಲೈಫ್’ ಎಂಬ ಹೆಸರಿನ ಇಟಲಿಯ ತಂಡವೊಂದು ಹೆಚ್ಚಿನ ಬಾರಿ ವಿಚಿತ್ರ ರಚನೆಯ ಹನ್ನೆರಡು ಸಿಲಿಂಡರುಗಳ ಎಂಜಿನನ್ನು ಹೊತ್ತು, ಒಟ್ಟು 14 ಬಾರಿ ಈ ಪೂರ್ವಪರೀಕ್ಷೆಗೆ ಬಂತು, ಒಮ್ಮೆಯೂ ದಾಟಲಿಲ್ಲ. ಇಂಥ ಕಾರು ವೇಗದ ಕಾರುಗಳ ನಡುವೆ ತೆವಳುತ್ತಿದ್ದರೆ ಅಪಾಯವಲ್ಲದೆ ಮತ್ತೇನು? ಆದರೆ ಅದೇ ಜರಡಿ ಇನ್ನೊಂದು ಕೆಲಸವನ್ನೂ ಮಾಡಿತು. ಗಾಬ್ರಿಯೇಲೆ ತಾರ್ಕ್ವೀನಿ ಎಂಬ ಚಾಲಕ 78 ಬಾರಿ ಹೆಸರು ಕೊಟ್ಟು 38 ಬಾರಿ ಮಾತ್ರ ಓಟದ ಸಾಲಿಗೆ ಬಂದ. ಸೋತವರ ದಾಖಲೆಯಲ್ಲಿ ಅವನ ಹೆಸರು ಮೊದಲು. ಆ ತಾರ್ಕ್ವೀನಿಯೇ ಮುಂದೆ ಸಾಮಾನ್ಯ ಮಾದರಿಯ ಕಾರುಗಳ ಓಟದಲ್ಲಿ 2009ರಲ್ಲಿ ವಿಶ್ವ ಚಾಂಪಿಯನ್ ಆದ. 56ನೆಯ ವಯಸ್ಸಿನಲ್ಲಿ, 2018ರಲ್ಲಿ, ಅದೇ ಬಗೆಯ ಓಟದ ವಿಶ್ವ ಕಪ್ಪನ್ನೂ ಗೆದ್ದ. ಹಾಗಾದರೆ ಜರಡಿ ಅಳೆದದ್ದು ಚಾಲಕನನ್ನೋ ಅವನ ಕೈಗೆ ಸಿಕ್ಕ ಕಾರನ್ನೋ?

ಈ ಪ್ರಶ್ನೆಗೆ 1992ರ ವರ್ಷ ಇನ್ನಷ್ಟು ಸ್ಪಷ್ಟವಾದ ನಿದರ್ಶನವನ್ನು ಒದಗಿಸಿತು. ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಬ್ರಾಭಾಮ್ ತಂಡ ಆಗ ಕೊನೆಯುಸಿರೆಳೆಯುತ್ತಿತ್ತು. ಅದು ಜೋವಾನ್ನ ಅಮಾತಿ ಎಂಬ ಇಟಲಿಯ ಮಹಿಳೆಗೆ ಕಾರು ಕೊಟ್ಟಿತು. ಮೂರು ಓಟಗಳಲ್ಲಿ ಆಕೆ ಅರ್ಹತೆ ಗಳಿಸಲಿಲ್ಲ. ಆಕೆಯನ್ನು ಬಿಟ್ಟು ಡೇಮನ್ ಹಿಲ್ ಎಂಬ ಯುವಕನನ್ನು ತೆಗೆದುಕೊಂಡರು. ಅವನಾದರೂ ಎಂಟು ಪ್ರಯತ್ನಗಳಲ್ಲಿ ಎರಡು ಬಾರಿ ಮಾತ್ರ ಓಟದ ಸಾಲನ್ನು ಮುಟ್ಟಿದ. ಮರುವರ್ಷ ವಿಲಿಯಮ್ಸ್ ತಂಡದ ಒಳ್ಳೆಯ ಕಾರು ಸಿಕ್ಕಿತು. ಹಿಲ್ ಓಟಗಳನ್ನು ಗೆಲ್ಲತೊಡಗಿದ. 1996ರಲ್ಲಿ ವಿಶ್ವ ಚಾಂಪಿಯನ್ ಆದ. ಅಮಾತಿ ಹಿಲ್ಲನಷ್ಟೇ ಸಮರ್ಥಳಾಗಿದ್ದಳೆಂದು ನಾನು ವಾದಿಸುತ್ತಿಲ್ಲ. ಮೂರು ಸೋಲುಗಳಿಂದ ಒಬ್ಬರ ವಿಷಯದಲ್ಲಿ ತೀರ್ಪು ಕೊಟ್ಟವರು, ಆರು ಸೋಲುಗಳನ್ನು ಕಂಡ ಇನ್ನೊಬ್ಬರು ಮುಂದೆ ಏನಾದರು ಎಂಬುದನ್ನೂ ನೋಡಬೇಕು ಎಂದಷ್ಟೇ ಹೇಳುತ್ತಿದ್ದೇನೆ. ಆಕೆಯ ಬಳಿಕ ಒಂದು ಓಟದ ಅರ್ಹತೆಗಾಗಿ ಸೆಣಸಲು ಯಾವ ಮಹಿಳೆಗೂ ಇಲ್ಲಿ ಕಾರು ಸಿಕ್ಕಿಲ್ಲ.

ಈಗ ಒಂದು ದುಃಖದ ಪ್ರಸಂಗಕ್ಕೆ ಬರುತ್ತೇನೆ. ಆಸ್ಟ್ರಿಯ ದೇಶದ ರೋಲಂಡ್ ರಾಟ್ಸೆನ್‌ಬರ್ಗರ್ ಬಹುಕಾಲ ಜಪಾನಿನ ಓಟಗಳಲ್ಲಿ ದುಡಿದು ಹಣವನ್ನೂ ಅನುಭವವನ್ನೂ ಕೂಡಿಸಿಕೊಂಡು, 33ನೆಯ ವಯಸ್ಸಿನಲ್ಲಿ, ಎಂದರೆ ಉಳಿದವರು ಹೆಸರು ಮಾಡಿ ಮುಗಿಸುವ ಹೊತ್ತಿಗೆ, ಫಾರ್ಮುಲಾ ಒನ್ನಿಗೆ ಬಂದ. 1994ರಲ್ಲಿ ಹೊಸದಾಗಿ ಹುಟ್ಟಿದ್ದ ಸಿಮ್‌ಟೆಕ್ ಎಂಬ ಬಡ ತಂಡದಲ್ಲಿ ಐದು ಓಟಗಳ ಮಟ್ಟಿಗೆ ಹಣ ಹೊಂದಿಸಿಕೊಂಡು ಸ್ಥಾನ ಪಡೆದಿದ್ದ. ಮೊದಲನೆಯ ಓಟಕ್ಕೆ ಅರ್ಹತೆ ಸಿಗಲಿಲ್ಲ. ಎರಡನೆಯದಕ್ಕೆ 26ನೆಯವನಾಗಿ, ಕೊನೆಯವನಾಗಿ, ಸೇರಿ 11ನೆಯ ಸ್ಥಾನದಲ್ಲಿ ಓಟ ಮುಗಿಸಿದ. ಮೂರನೆಯದು ಇಟಲಿಯ ಇಮೋಲದಲ್ಲಿ. ಏಪ್ರಿಲ್ 30ರ ಶನಿವಾರ ಆ ಕೊನೆಯ ಸ್ಥಾನಕ್ಕಾಗಿಯೇ ಹೋರಾಟ ನಡೆದಿತ್ತು. ಒಂದು ಸುತ್ತಿನಲ್ಲಿ ಕಾರು ಹಾದಿಯಂಚನ್ನು ಮೀರಿ ಮುಂಭಾಗದ ರೆಕ್ಕೆಗೆ ಪೆಟ್ಟಾಯಿತು. ನಿಲ್ಲಿಸಿ ನೋಡುವ ಬದಲು ಇನ್ನೊಂದು ಸುತ್ತಿಗೆ ಮುಂದುವರಿದ. ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಆ ರೆಕ್ಕೆ ಮುರಿಯಿತು, ಕಾರು ಗೋಡೆಗೆ ಬಡಿಯಿತು, ಅವನು ಉಳಿಯಲಿಲ್ಲ.

ಮಾರನೆಯ ದಿನ ಅದೇ ಹಾದಿಯಲ್ಲಿ ಮಹಾನ್ ಚಾಲಕ ಅಯರ್ಟನ್ ಸೆನ್ನ ಕೂಡ ಮಡಿದ. ಅವನ ಕಾರಿನಲ್ಲಿ ಮಡಿಸಿಟ್ಟ ಆಸ್ಟ್ರಿಯದ ಬಾವುಟ ಸಿಕ್ಕಿತು. ಗೆದ್ದರೆ ರಾಟ್ಸೆನ್‌ಬರ್ಗರನ ನೆನಪಿಗಾಗಿ ಅದನ್ನು ಎತ್ತಿ ಹಿಡಿಯಬೇಕೆಂದಿದ್ದನಂತೆ. ಜಗತ್ತೆಲ್ಲ ಸೆನ್ನನಿಗಾಗಿ ಅತ್ತಿತು. ಓಟದ ಆಡಳಿತ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಮಾತ್ರ, ಎಲ್ಲರೂ ಸೆನ್ನನ ಅಂತ್ಯಕ್ರಿಯೆಗೆ ಹೋಗುತ್ತಾರೆಂದು ತಾನು ರಾಟ್ಸೆನ್‌ಬರ್ಗರನ ಅಂತ್ಯಕ್ರಿಯೆಗೆ ಹೋದ. ಒಂದು ಸಂಗತಿಯನ್ನು ಇಲ್ಲಿ ಮರೆಯಬಾರದು. ಅವನು ಸಾಯುವ ಮುನ್ನ ದಾಖಲಿಸಿದ್ದ ಸಮಯ ಆ ಓಟದ 26ನೆಯ ಸ್ಥಾನಕ್ಕೆ ಸಾಕಾಗಿತ್ತು. ಭಾನುವಾರ ಓಟ ಪ್ರಾರಂಭವಾದಾಗ ಸಾಲಿನಲ್ಲಿ ಇದ್ದುದು 25 ಕಾರುಗಳು.

ಆ ಕೊನೆಯ ಸ್ಥಾನ ಯಾರಿಗೆ ಸಲ್ಲಬೇಕು ಎಂಬುದು ಹರಟೆಯ ವಿಷಯವಲ್ಲ. ಅದರ ಹಿಂದೆ ಒಬ್ಬನ ಇಡೀ ಬಾಳು ಇರಬಹುದು. ಅದನ್ನು ಕೊಡುವ ರೀತಿ ತಪ್ಪಿದರೆ ಪ್ರಾಣವೇ ಹೋಗಬಹುದು. ಆದುದರಿಂದಲೇ ನಿಯಮಗಳು ಬೇಕು. ಪ್ರಶ್ನೆಯಿರುವುದು ಅವು ಯಾವುದನ್ನು ಅಳೆಯಬೇಕು ಎಂಬಲ್ಲಿ.

1996ರಿಂದ ಒಂದು ಸರಳವಾದ ಅಳತೆ ಬಂತು. ಅರ್ಹತಾ ಸುತ್ತಿನಲ್ಲಿ ಅತಿ ವೇಗದವನು ತೆಗೆದುಕೊಂಡ ಸಮಯದ ಶೇಕಡ 107ರೊಳಗೆ ಪ್ರತಿಯೊಬ್ಬನೂ ಸುತ್ತನ್ನು ಮುಗಿಸಬೇಕು, ಮೀರಿದವನಿಗೆ ಓಟವಿಲ್ಲ. ಮರುವರ್ಷ ಮೆಲ್ಬರ್ನಿನಲ್ಲಿ ಲೋಲ ತಂಡಕ್ಕೆ ಇದರ ಬಿಸಿ ತಟ್ಟಿತು. ಮೊದಲಿಗನ ಸಮಯ 1 ನಿಮಿಷ 29 ಸೆಕೆಂಡಿನಷ್ಟು. ಲೋಲ ಕಾರುಗಳು ಅದಕ್ಕಿಂತ 11 ಸೆಕೆಂಡಿಗೂ ಹೆಚ್ಚು ಹಿಂದೆ. ಸರಿಯಾಗಿ ಸಿದ್ಧವಾಗುವ ಮೊದಲೇ ಆತುರದಿಂದ ತಂದ ಕಾರುಗಳವು. ಎರಡನೆಯ ಓಟಕ್ಕೆ ಮುಂಚೆಯೇ ಆ ತಂಡ ಕಣ್ಮರೆಯಾಯಿತು. ಈ ನಿಯಮ 2002ರ ಬಳಿಕ ಕೆಲಕಾಲ ಇರಲಿಲ್ಲ. 2011ರಲ್ಲಿ ಮರಳಿ ಬಂತು. ಬಂದ ವರ್ಷವೇ ಮೆಲ್ಬರ್ನಿನಲ್ಲಿ ಅದಕ್ಕೆ ಸಿಕ್ಕಿಬಿದ್ದವರಲ್ಲಿ ಒಬ್ಬರು ನಮ್ಮ ದೇಶದವರು, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್.

ಕಾರ್ತಿಕೇಯನ್ನರ ಕಥೆ ಕೂಡ ನಮ್ಮ ವಾದಕ್ಕೆ ಬೆಳಕು ಚೆಲ್ಲುತ್ತದೆ. 2005ರಲ್ಲಿ ಜಾರ್ಡನ್ ತಂಡ ಸೇರಿ, ಫಾರ್ಮುಲಾ ಒನ್ನಿನಲ್ಲಿ ಓಡಿದ ಮೊದಲ ಭಾರತೀಯರಾದರು. ಅದೇ ವರ್ಷ ಅಮೆರಿಕದ ಓಟದಲ್ಲಿ ಒಂದು ಕಂಪನಿಯ ಟಯರುಗಳು ಸುರಕ್ಷಿತವಲ್ಲವೆಂದು ತಿಳಿದು, ಅವನ್ನು ಬಳಸುತ್ತಿದ್ದ 14 ಕಾರುಗಳು ಓಟಕ್ಕೆ ಮುನ್ನವೇ ಹಿಂದೆ ಸರಿದುವು. ಉಳಿದ ಆರು ಕಾರುಗಳಲ್ಲಿ ಕಾರ್ತಿಕೇಯನ್ ನಾಲ್ಕನೆಯವರಾಗಿ 5 ಅಂಕ ಗಳಿಸಿದರು. ಅದು ಗಳಿಕೆಯೇ ಅಲ್ಲವೆಂದು ಹೇಳುವವರಿದ್ದಾರೆ. ಆದರೆ ಆ ದಿನ ಹಾದಿಯಲ್ಲಿದ್ದು ಓಟ ಮುಗಿಸಿದವರು ಅವರು. ಆಮೇಲೆ 2011ರಲ್ಲಿ ಎಚ್‌ಆರ್‌ಟಿ ಎಂಬ ಹಣವಿಲ್ಲದ ತಂಡದಲ್ಲಿ ಮರಳಿ ಬಂದಾಗ ಎಲ್ಲರಿಗಿಂತ ಹಿಂದಿದ್ದರು. ಮೊದಲಿದ್ದ ಕೌಶಲ ಇವರಲ್ಲಿ ಆರು ವರ್ಷಗಳಲ್ಲಿ ಮಾಯವಾಯಿತೆಂದು ನಂಬುವುದು ಕಷ್ಟ. ಕಾರು ಬೇರೆಯಾಗಿತ್ತು, ಅಷ್ಟೆ.

ಹಣ ಕೊಟ್ಟು ಸ್ಥಾನ ಕೊಳ್ಳುವ ಚಾಲಕರ ಬಗ್ಗೆ ಓಟದ ಅಭಿಮಾನಿಗಳಲ್ಲಿ ತಿರಸ್ಕಾರವುಂಟು. ಆ ತಿರಸ್ಕಾರ ಪೂರ್ತಿ ನ್ಯಾಯವಾದದ್ದಲ್ಲ. ಆಸ್ಟ್ರಿಯದ ನಿಕಿ ಲೌಡ ಸಿರಿವಂತ ಮನೆತನದವನಾದರೂ ಮನೆಯವರ ವಿರೋಧದಿಂದಾಗಿ ಜೀವವಿಮೆಯನ್ನು ಒತ್ತೆಯಿಟ್ಟು ಬ್ಯಾಂಕಿನಲ್ಲಿ ಸಾಲವೆತ್ತಿ ತಂಡದಲ್ಲಿ ಸ್ಥಾನ ಕೊಂಡವನು. 1975, 1977 ಮತ್ತು 1984ರಲ್ಲಿ ಚಾಂಪಿಯನ್ ಆದವನೂ ಅವನೇ. 1991ರಲ್ಲಿ ಬೆಲ್ಜಿಯಮ್ಮಿನ ಓಟಕ್ಕೆ ಮುನ್ನ ಜಾರ್ಡನ್ ತಂಡದ ಚಾಲಕನೊಬ್ಬ ಲಂಡನ್ನಿನಲ್ಲಿ ಜೈಲು ಸೇರಿದ. ತೆರವಾದ ಆ ಸ್ಥಾನಕ್ಕೆ ಮರ್ಸಿಡಿಸ್ ಕಂಪನಿ ಹಣ ತೆತ್ತು ತನ್ನ ಹುಡುಗನೊಬ್ಬನನ್ನು ಕೂರಿಸಿತು. ಆ ಹುಡುಗ ಮೈಕೇಲ್ ಶೂಮಾಕರ್. ಮುಂದೆ ಏಳು ಬಾರಿ ಚಾಂಪಿಯನ್. ವೆನೆಜುವೆಲದ ಸರಕಾರಿ ತೈಲ ಕಂಪನಿಯ ಹಣದಿಂದ ಬಂದ ಪಾಸ್ಟರ್ ಮಾಲ್ಡೊನಾಡೊನನ್ನು ಜನ ಗೇಲಿ ಮಾಡಿದ್ದುಂಟು; ಅವನಾದರೂ 2012ರಲ್ಲಿ ಸ್ಪೇನಿನ ಓಟವನ್ನು ಗೆದ್ದ. ದುರ್ಯೋಧನನ ಔದಾರ್ಯದ ಹಿಂದೆ ಸ್ವಾರ್ಥವಿದ್ದಿರಬಹುದು. ಅದರಿಂದ ಕರ್ಣನ ಬಾಣದ ಗುರಿ ತಪ್ಪಲಿಲ್ಲ.

ಹಾಗೆಂದು ಹಣವುಳ್ಳ ಎಲ್ಲರನ್ನೂ ಬಿಟ್ಟುಕೊಳ್ಳಲು ಬರುವುದಿಲ್ಲ. ಇದಕ್ಕಾಗಿಯೇ ‘ಸೂಪರ್ ಲೈಸೆನ್ಸ್’ ಎಂಬ ಪರವಾನಗಿಯ ಏರ್ಪಾಡಿದೆ. ಇದನ್ನು ಕೊಡುವುದರಲ್ಲಿ ಹಿಂದೆ ಹಿರಿಯರ ವಿವೇಚನೆಗೆ ಹೆಚ್ಚು ಅವಕಾಶವಿತ್ತು. 2001ರಲ್ಲಿ ಕೇವಲ 23 ಓಟಗಳ ಅನುಭವವಿದ್ದ ಫಿನ್ಲೆಂಡಿನ ಕಿಮಿ ರೈಕೊನೆನ್‌ಗೆ ಪರವಾನಗಿ ಕೊಡುವಾಗ ದೊಡ್ಡವರೇ ಹಿಂಜರಿದರು. ತಾತ್ಕಾಲಿಕವಾಗಿ ಕೊಟ್ಟು ನೋಡಿದರು. ಮೊದಲ ಓಟದಲ್ಲೇ ಆರನೆಯವನಾದ. 2007ರಲ್ಲಿ ಚಾಂಪಿಯನ್ ಆದ. ಅದಕ್ಕೆ ಪ್ರತಿಯಾಗಿ ಜಪಾನಿನ ಯುಜಿ ಇದೆ ತನ್ನ ದೇಶದ ಅತ್ಯುನ್ನತ ಪಂದ್ಯಮಾಲೆಯಲ್ಲಿ ಎರಡನೆಯ ಸ್ಥಾನ ಪಡೆದು, ಮೂವತ್ತು ದಾಟಿದ ಪಕ್ವ ವಯಸ್ಸಿನಲ್ಲಿ 2006ರಲ್ಲಿ ಬಂದವನು. ಕಾಗದದ ಮೇಲೆ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ನಾಲ್ಕನೆಯ ಓಟದ ಮೊದಲ ಸುತ್ತಿನಲ್ಲೇ ಅವನ ಕಾರು ತಗುಲಿ ಮತ್ತೊಬ್ಬನ ಕಾರು ಉರುಳಿತು, ಪರವಾನಗಿ ರದ್ದಾಯಿತು.

ಕಾಗದವನ್ನು ನಂಬಿದರೂ ತಪ್ಪಬಹುದು, ಕಣ್ಣನ್ನು ನಂಬಿದರೂ ತಪ್ಪಬಹುದು. ಅಧಿಕಾರಿಗಳು ಕೊನೆಗೆ ಕಾಗದದ ಕಡೆಗೆ ವಾಲಿದರು. 2015ರಲ್ಲಿ ಮ್ಯಾಕ್ಸ್ ವೆರ್‌ಸ್ಟಾಪೆನ್ ಎಂಬ ಹುಡುಗ 17ನೆಯ ವಯಸ್ಸಿಗೇ ಓಟಕ್ಕಿಳಿದಾಗ ಆತಂಕಗೊಂಡ ಅವರು 2016ರಿಂದ ಹೊಸ ಕಟ್ಟಳೆ ತಂದರು: ಹದಿನೆಂಟು ತುಂಬಿರಬೇಕು, ಕೆಳಗಿನ ದರ್ಜೆಯ ಪಂದ್ಯಮಾಲೆಗಳಲ್ಲಿ ಮೂರು ವರ್ಷಗಳೊಳಗೆ 40 ಅಂಕಗಳನ್ನು ಕೂಡಿಸಿರಬೇಕು. ತಮಾಷೆಯೆಂದರೆ, ಕಟ್ಟಳೆ ಜಾರಿಗೆ ಬಂದ ವರ್ಷದ ಮೇ ತಿಂಗಳಲ್ಲೇ ಆ ಹುಡುಗ ಸ್ಪೇನಿನ ಓಟವನ್ನು ಗೆದ್ದು ತೋರಿಸಿದ. ಅತ್ತ 2022ರಲ್ಲಿ ಅಮೆರಿಕದ ಕೋಲ್ಟನ್ ಹರ್ಟನನ್ನು ತೆಗೆದುಕೊಳ್ಳಲು ತಂಡವೊಂದು ಸಿದ್ಧವಾಗಿತ್ತು. ತನ್ನ ದೇಶದ ಪ್ರಮುಖ ಪಂದ್ಯಮಾಲೆಯಲ್ಲಿ ಏಳು ಓಟಗಳನ್ನು ಗೆದ್ದಿದ್ದ ಅವನಿಗೆ ಅಂಕಗಳು ಸಾಲಲಿಲ್ಲ, ಬಾಗಿಲು ತೆರೆಯಲಿಲ್ಲ. ಯೂರೋಪಿನ ಮೆಟ್ಟಿಲುಗಳನ್ನು ಹತ್ತಿ ಬಂದವನಿಗೆ ಸುಲಭ, ಬೇರೆ ದಾರಿಯಿಂದ ಬಂದವನಿಗೆ ಕಠಿಣ. ಕೃಪಾಚಾರ್ಯರ ಪ್ರಶ್ನೆಯ ದನಿ ಇಲ್ಲಿ ಸಣ್ಣಗೆ ಕೇಳಿಸುತ್ತದೆ.

ಇನ್ನು ತಂಡಗಳ ಮಾತು. ಇಟಲಿಯ ಫಾಯೆನ್‌ಜ ಎಂಬ ಊರಿನ ಮಿನಾರ್ಡಿ ತಂಡ 1985ರಿಂದ 2005ರವರೆಗೆ 340 ಓಟಗಳಲ್ಲಿ ಭಾಗವಹಿಸಿ ಗಳಿಸಿದ್ದು 38 ಅಂಕಗಳು. ಮೊದಲ ಮೂರು ಸ್ಥಾನಗಳಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಲೆಕ್ಕಪುಸ್ತಕ ಹಿಡಿದು ಕುಳಿತವನು ಇಂಥ ತಂಡವನ್ನು ಏಕೆ ಉಳಿಸಬೇಕೆಂದು ಕೇಳಿಯಾನು. ಆದರೆ ಫೆರ್ನಾಂಡೊ ಅಲೊನ್ಸೊ 2001ರಲ್ಲಿ ಓಟದ ಓನಾಮ ಕಲಿತದ್ದು ಇಲ್ಲಿ. ನಾಲ್ಕೇ ವರ್ಷಗಳಲ್ಲಿ ಅವನು ವಿಶ್ವ ಚಾಂಪಿಯನ್. ಮಾರ್ಕ್ ವೆಬ್ಬರ್, ಫಿಸಿಕೆಲ್ಲ, ಟ್ರೂಲಿ ಇವರೂ ಈ ಪಾಠಶಾಲೆಯಿಂದ ಬಂದವರೇ. ಬಳಿಕ ಆ ತಂಡವನ್ನು ರೆಡ್ ಬುಲ್ ಕಂಪನಿ ಕೊಂಡು ಹೆಸರು ಬದಲಾಯಿಸಿತು. ಅದೇ ಊರಿನ ಕಾರ್ಯಾಗಾರದಿಂದ ಹೊರಟ ಕಾರು 2008ರಲ್ಲಿ ಮೊನ್‌ಜದ ಮಳೆಯಲ್ಲಿ ಸೆಬಾಸ್ಟಿಯನ್ ವೆಟ್ಟಲನಿಗೆ ಮೊದಲ ಗೆಲವು ತಂದಿತು.

ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ ಕೊಂಡು ‘ಫೋರ್ಸ್ ಇಂಡಿಯ’ ಎಂದು ಹೆಸರಿಟ್ಟ ತಂಡದ್ದೂ ಹೀಗೆಯೇ. 2008ರಲ್ಲಿ ಒಂದು ಅಂಕವೂ ಇಲ್ಲದೆ ಕೊನೆಯಲ್ಲಿದ್ದ ಅದು ಮರುವರ್ಷ ಬೆಲ್ಜಿಯಮ್ಮಿನಲ್ಲಿ ಅರ್ಹತಾ ಸುತ್ತಿನಲ್ಲಿ ಮೊದಲನೆಯದಾಗಿ, ಓಟದಲ್ಲಿ ಎರಡನೆಯದಾಯಿತು. ಹೆಸರಿನಲ್ಲಿ ಭಾರತವಿದ್ದರೂ ಓಟದಲ್ಲಿ ಆ ಕಾರನ್ನು ನಡೆಸುವ ಅವಕಾಶ ಯಾವ ಭಾರತೀಯನಿಗೂ ಸಿಗಲಿಲ್ಲ. 2018ರಲ್ಲಿ ತಂಡ ಸಾಲಗಾರರ ಪಾಲಾಗಿ ಬೇರೆಯವರ ಕೈ ಸೇರಿತು.

ಎದುರುವಾದವನ್ನೂ ಗೌರವದಿಂದ ಕೇಳಬೇಕು. 2010ರಲ್ಲಿ ಖರ್ಚಿಗೆ ಮಿತಿ ಹಾಕುತ್ತೇವೆಂಬ ಭರವಸೆಯ ಮೇಲೆ ಹೊಸ ತಂಡಗಳನ್ನು ಕರೆದರು, ಭರವಸೆ ಈಡೇರಲಿಲ್ಲ. ಬಂದ ಮೂರು ತಂಡಗಳಲ್ಲಿ ಒಂದು 2012ರಲ್ಲಿ, ಇನ್ನೊಂದು 2014ರಲ್ಲಿ, ಕೊನೆಯದು 2016ರ ಋತುವಿನ ಬಳಿಕ ಅಳಿದುವು. 2014ರಲ್ಲಿ ಕೇಟರ್‌ಹ್ಯಾಮ್ ತಂಡ ಕೊನೆಯ ಓಟಕ್ಕೆ ಹೋಗಲು ಜನರಿಂದ ಚಂದಾ ಎತ್ತಬೇಕಾಯಿತು. ಇಂಥ ತಂಡಗಳು ಮುಳುಗುವಾಗ ಬೀದಿಗೆ ಬೀಳುವವರು ನೂರಾರು ಜನ ಕೆಲಸಗಾರರು. ನಿಜವಾದ ಬಲವಿಲ್ಲದವರನ್ನು ಸೇರಿಸಬಾರದೆಂಬ ಮಾತಿನಲ್ಲಿ ಹೀಗೆ ಕರುಣೆಯೂ ಇದೆ.

ಆದರೆ ಅದೇ ಮಾತಿನ ಮರೆಯಲ್ಲಿ ಲೋಭವೂ ನಿಲ್ಲಬಹುದು. ವರಮಾನವನ್ನು ತಂಡಗಳು ಹಂಚಿಕೊಳ್ಳುತ್ತವೆ. ಹನ್ನೊಂದನೆಯವನು ಬಂದರೆ ಹತ್ತು ಜನರ ಪಾಲು ಕುಗ್ಗುತ್ತದೆ. 2021ರಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಹೊಸಬರು ಇದಕ್ಕೆ ಪರಿಹಾರವಾಗಿ 20 ಕೋಟಿ ಡಾಲರು ತೆರಬೇಕೆಂದು ಬರೆದರು. 1978ರ ಚಾಂಪಿಯನ್ ಮಾರಿಯೊ ಆಂಡ್ರೆಟ್ಟಿಯ ಮನೆತನ ತಂಡ ಕಟ್ಟಲು ಅರ್ಜಿ ಹಾಕಿದಾಗ, ಆಡಳಿತ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಒಪ್ಪಿತು. ವ್ಯಾಪಾರದ ಹಕ್ಕುಳ್ಳ ಕಂಪನಿ 2024ರ ಜನವರಿಯಲ್ಲಿ ತಳ್ಳಿಹಾಕಿತು. ಈ ತಂಡ ಪೈಪೋಟಿ ಕೊಡಲಾರದು ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಆ ವರ್ಷ ಮುಗಿಯುವುದರೊಳಗೆ ಜನರಲ್ ಮೋಟಾರ್ಸ್ ಕಂಪನಿ ತಾನೇ ಮುಂದೆ ನಿಂತಾಗ ಮಾತು ಬದಲಾಯಿತು. ಕ್ಯಾಡಿಲಾಕ್ ಎಂಬ ಹೆಸರಿನಲ್ಲಿ 2026ರ ಋತುವಿನಿಂದ ಹನ್ನೊಂದನೆಯ ತಂಡಕ್ಕೆ ಸ್ಥಾನ ದೊರೆಯಿತು. ಒಂದೂ ಸುತ್ತು ಓಡದ ತಂಡದ ವೇಗವನ್ನು ಕಚೇರಿಯಲ್ಲಿ ಕುಳಿತು ಅಳೆದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ.

ಇಷ್ಟನ್ನೆಲ್ಲ ನೋಡಿದ ಮೇಲೆ ನನಗೆ ತೋರುವುದು ಇದು. ಅರ್ಹತೆ ಎಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಬೆರೆಸುತ್ತಿದ್ದೇವೆ. ಇವನು ಇತರರ ಪ್ರಾಣಕ್ಕೂ ತನ್ನ ಪ್ರಾಣಕ್ಕೂ ಅಪಾಯವೇ ಎಂಬುದು ಮೊದಲನೆಯದು; ಅದರಲ್ಲಿ ಯಾವ ದಾಕ್ಷಿಣ್ಯವೂ ಸಲ್ಲದು. ಮುರಿದ ರೆಕ್ಕೆಯ ಕಾರನ್ನು ನಿಲ್ಲಿಸುವ ಅಧಿಕಾರ ಚಾಲಕನ ಆತುರಕ್ಕಿಂತ ಮೇಲಿರಬೇಕು. ಇವನು ಗೆಲ್ಲಬಲ್ಲನೇ ಎಂಬುದು ಎರಡನೆಯದು. ಅದನ್ನು ಬಾಗಿಲಲ್ಲಿ ಕೇಳಬಾರದು, ಹಾದಿಯೇ ಉತ್ತರಿಸಲಿ. ಸಾಲಿನ ಕೊನೆಯಲ್ಲಿ ಎರಡು ಮೂರು ಸ್ಥಾನಗಳು ಬಡ ತಂಡಗಳಿಗೂ ಹೆಸರಿಲ್ಲದ ಚಾಲಕರಿಗೂ ತೆರೆದಿದ್ದುದರಿಂದಲೇ ಅಲೊನ್ಸೊ, ಹಿಲ್ ಮುಂತಾದವರು ನಮಗೆ ದಕ್ಕಿದರು. ಅಲ್ಲಿಗೆ ಬಂದು ಏನೂ ಆಗದೆ ಹೋದವರೂ ಅನೇಕರಿದ್ದಾರೆ. ಅವರಿಂದ ಓಟಕ್ಕೆ ಅವಮಾನವಾಯಿತೆಂದು ನನಗೆ ಅನ್ನಿಸುವುದಿಲ್ಲ.

ಇಮೋಲದ ಆ ಭಾನುವಾರ ತೆರವಾಗಿ ಉಳಿದ 26ನೆಯ ಸ್ಥಾನವನ್ನು ನಾನು ಆಗಾಗ ನೆನೆಯುತ್ತೇನೆ. ಅಲ್ಲಿ ನಿಲ್ಲಬೇಕಾಗಿದ್ದವನು ಗೆಲ್ಲುವ ಚಾಲಕನಾಗಿರಲಿಲ್ಲ. ಅವನಿಗೂ ಅದು ಗೊತ್ತಿದ್ದಿರಬೇಕು. ಆದರೂ ಗಡಿಯಾರದ ಲೆಕ್ಕದಲ್ಲಿ ಆ ಸ್ಥಾನ ಅವನಿಗೇ ಸಂದಿತ್ತು.